ಬಸವೇಶ್ವರಿಯ ಮಾಳಿಗೆಗೆ ಸೋಲಾರ್ ಬಂದದ್ದು

ತೆಲುಗು ನಾಡಿನ ಗಡಿಯೂರು ನಾರಾಯಣಪೇಟೆಯಲ್ಲಿ ಬಸವೇಶ್ವರಿಯ ಸಂಡಿಗೆ ತಿನ್ನದ ಬಾಯಿ ಇದ್ದರೆ ಅದು ಊರಿಗೆ ಹೊಸದಾಗಿ ಬಂದವರದ್ದೇ ಇರಬೇಕು. ಮಕ್ತಲ್‌ನ ಬೀಗರಿಗೂ ಗದ್ವಾಲದ ತವರಿಗೂ ವರ್ಷ ವರ್ಷ ಡಬ್ಬಿಗಟ್ಟಲೆ ಹೋಗುತ್ತಿದ್ದವು. ಬೇಸಿಗೆ ಬಂತೆಂದರೆ ಓಣಿಯ ಹೆಂಗಸರೆಲ್ಲ ಅವಳ ಮಾಳಿಗೆಯ ಮೇಲೆ ಹಳೇ ಸೀರೆ ಹಾಸಿ, ಸಂಡಿಗೆ ಇಡುತ್ತ ತಂತಮ್ಮ ಅತ್ತೆಯಂದಿರ ಮರ್ಯಾದೆ ತೆಗೆಯುತ್ತಿದ್ದರು. ಆ ಜಾಗವೆಂದರೆ ಬಸವೇಶ್ವರಿಗೆ ಜೀವ.

ಅವಳ ಗಂಡ, ಕಿರಾಣಿ ವ್ಯಾಪಾರಿ ಶಿವಶಂಕರಪ್ಪ, ಮಾಳಿಗೆ ತುಂಬ ಸೋಲಾರ್ ಹಾಕಿಸಲು ಹೊರಟ. ಹೆಂಡತಿಯನ್ನು ಕೇಳಲಿಲ್ಲ, ಕೇಳುವ ರೂಢಿಯೇ ಇರಲಿಲ್ಲ.

‘ಸಂಡಿಗಿ ಎಲ್ಲಿ ಒಣಗಿಸ್ಲಿರಿ?’ ಅಂದಳು ಅವಳು.

‘ಅಂಗಡ್ಯಾಗ ಪಾಕೀಟು ಸಿಗತಾವ, ತಿಂದರಾತು.’

ಮೂವತ್ತು ವರ್ಷ ಅವಳ ಕೈಯ ಸಂಡಿಗೆ ತಿಂದು ಬೆಳೆದ ಹೊಟ್ಟೆ ಈ ಮಾತಾಡುವುದೇ! ಬಸವೇಶ್ವರಿಗೆ ಮೈಯೆಲ್ಲ ಉರಿಯಿತು.

ಸರಕಾರದ ಸೋಲಾರ್ ಸಬ್ಸಿಡಿಗೆ ಅವನು ಹಾಕಿದ ಅರ್ಜಿ ಎರಡು ಸಲ ತಿರುಗಿ ಬಂತು. ಕೊನೆಗೆ ಸೋಲಾರ್ ಹಾಕುವ ಸುರೇಂದರ್ ಮನೆಗೇ ಬಂದು ಕರೆಂಟ್ ಬಿಲ್ಲು ನೋಡಿದ. ಅರ್ಜಿದಾರರ ಹೆಸರೂ ಮೀಟರಿನ ಹೆಸರೂ ಒಂದೇ ಇರಬೇಕೆನ್ನುವುದು ನಿಯಮ. ಬಿಲ್ಲಿನಲ್ಲಿ ಇದ್ದದ್ದು ಬಸವೇಶ್ವರಿಯ ಹೆಸರು.

ಶಿವಶಂಕರಪ್ಪ ತಲೆ ಕೆರೆದುಕೊಂಡ. ‘ಮನಿ ಕಟ್ಟುವಾಗ ಕರಿಬಸಯ್ಯ ಸ್ವಾಮಿಗಳು ನನ್ನ ಹೆಸರಿಗಿ ಕೂಡಿ ಬರಂಗಿಲ್ಲ ಅಂದ್ರು. ಮನಿ, ಮೀಟರ್ ಎರಡೂ ಅಕೀ ಹೆಸರಿಲೆ ಮಾಡಿಸಿದ್ನೆಪ್ಪ.’

‘ಅಂದ್ರ ಮಾಳಿಗಿ ನಂದು?’ ಬಸವೇಶ್ವರಿ ಗಂಡನನ್ನು ಬಿಟ್ಟು ಸುರೇಂದರನನ್ನು ಕೇಳಿದಳು.

‘ಅವುನಮ್ಮಾ, ಅಂತಾ ಮೀದೇ,’ ಎಂದು ಅವನು ಎಲ್ಲವೂ ಅವಳದೇ ಅಂತ ತೆಲುಗಿನಲ್ಲೇ ಒಪ್ಪಿಕೊಂಡ.

ಅವಳ ಹೆಸರಿನಲ್ಲಿ ಹೊಸ ಅರ್ಜಿ ತುಂಬಿದ್ದಾಯಿತು. ಅವಳ ಫೋನಿಗೆ ಆರು ಅಂಕಿಯ ಓಟಿಪಿ ಬಂತು. ಬಸವೇಶ್ವರಿ ಫೋನನ್ನು ಸೆರಗಿನ ಮರೆಗೆ ಹಿಡಿದು, ಕುರ್ಚಿ ಎಳೆದುಕೊಂಡು ಕೂತಳು.

‘ನಾಕು,’ ಎಂದು ಮೊದಲ ಅಂಕಿಯನ್ನಷ್ಟೇ ಹೇಳಿದಳು. ‘ನೀರಿನ ಟಾಕಿ ಕಡಿ ಅರ್ಧ ಮಾಳಿಗಿ ಖಾಲಿ ಬಿಡಬೇಕು.’

ಗಂಡ ಸಿಡುಕಿದ. ಅವಳು ಫೋನನ್ನು ಸೆರಗಿನೊಳಗೆ ಇನ್ನಷ್ಟು ಸರಿಸಿಕೊಂಡಳು. ಓಟಿಪಿಗೆ ಇದ್ದದ್ದು ಹತ್ತೇ ನಿಮಿಷದ ಗಡುವು. ಸುರೇಂದರ್ ಕೈ ಹಿಸುಕಿಕೊಂಡ.

‘ಆತು, ಬಿಡ್ತೀನಿ!’ ಅಂದ ಶಿವಶಂಕರಪ್ಪ.

‘ಒಂದು. ಏಳು. ಪ್ಯಾನೆಲ್ ಎತ್ತರದ ಕಂಬದ ಮ್ಯಾಲ ಹಾಕಿಸ್ರಿ. ಕೆಳಗ ನಾವು ಕುಂದ್ರಾಕ ನೆಳ್ಳಾಗತೈತಿ.’

‘ಅದೂ ಆತು!’

‘ಮೂರು. ಎಂಟು. ಪಾಕೀಟಿನ ಸಂಡಿಗಿ ಈ ಮನಿ ಹೊಸ್ತಿಲ ದಾಟಬಾರದು.’

ಅವನು ತಲೆಯಾಡಿಸಿದ. ಇನ್ನು ಒಂದೇ ಅಂಕಿ. ಅಲ್ಲಿಯವರೆಗೆ ಆಟವಾಡುತ್ತಿದ್ದ ಅವಳ ದನಿ ಯಾಕೋ ತಗ್ಗಿತು.

‘ಮನಿ ನನ್ನ ಹೆಸರಿಲೆ ಐತಿ ಅಂತ ಇಷ್ಟು ವರ್ಷ ನನಗ್ಯಾಕ ಹೇಳಲಿಲ್ರಿ?’

ಶಿವಶಂಕರಪ್ಪ ಗೋಡೆ ನೋಡಿದ, ನೆಲ ನೋಡಿದ. ‘ಹೇಳಿದ್ರ ನೀ ನನ್ನ ಮಾತು ಕೇಳತಿದ್ದಿ ಏನು?’ ಎಂದು ಬಾಯಿ ತಪ್ಪಿ ಅಂದುಬಿಟ್ಟ.

ಅವಳಿಗೆ ಸಂಕಟವೂ ಆಯಿತು, ನಗುವೂ ಬಂತು. ಅಷ್ಟರಲ್ಲಿ ಓಟಿಪಿಯ ಗಡುವು ಮುಗಿದು ಸುರೇಂದರ್ ‘ಅಯ್ಯೋ ಅಮ್ಮಾ!’ ಎಂದು ಹಣೆ ಚಚ್ಚಿಕೊಂಡ.

‘ಇನ್ನೊಂದು ಕಳಸಪ್ಪ,’ ಅಂದಳು ಬಸವೇಶ್ವರಿ. ‘ಅದರಾಗೂ ಆರು ಅಂಕಿ ಇರತಾವಲ್ಲ? ನನಗ ಕೇಳಾಕ ಇನ್ನೂ ಭಾಳ ಐತಿ.’