ನನ್ನ ಪಾಲಿನ ಗೆರೆಯನ್ನು ತಪ್ಪಾಗಿ ತಿಳಿಸಿದ ಬಗ್ಗೆ

ಮಾನ್ಯ ರಫೀಕ್ ಅವರಲ್ಲಿ,

ಹೊನ್ನಾವರದ ಸಮುದ್ರದಲ್ಲಿ ನಾವಿಬ್ಬರೂ ಕಂಡುಕೊಂಡ ಮೀನಿನ ಜಾಗವು ಮರುದಿನ ಸಿಗದೇ ಹೋದದ್ದು ತಮ್ಮ ಕಣ್ಣಿನ ದೋಷದಿಂದಲ್ಲ, ನಾನು ಬೇಕೆಂದೇ ಹೇಳಿದ ಸುಳ್ಳಿನಿಂದ ಎಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ. ಇಂಥದ್ದನ್ನು ಬರೆದು ನನಗೆ ರೂಢಿಯಿಲ್ಲ. ಪದಗಳು ಬಿರುಸಾಗಿದ್ದರೆ — ಇರಲಿ, ಮುಂದುವರಿಯುತ್ತೇನೆ.

ಅರಿಯದವರೂ ಇದನ್ನು ಓದಬಹುದಾದ್ದರಿಂದ ನಮ್ಮ ಪದ್ಧತಿಯನ್ನು ವಿವರಿಸುವುದು ಅಗತ್ಯ. ನೀರಿನ ನಡುವೆ ಒಳ್ಳೆಯ ಜಾಗ ಸಿಕ್ಕರೆ, ದಡದ ಎರಡು ವಸ್ತುಗಳು ಒಂದೇ ನೇರಕ್ಕೆ ಕಾಣುವುದನ್ನು ಗುರುತಿಟ್ಟುಕೊಳ್ಳಬೇಕು. ಅದು ಒಂದು ಗೆರೆ. ಇನ್ನೊಂದು ದಿಕ್ಕಿನಲ್ಲಿ ಮತ್ತೊಂದು ಗೆರೆ. ಎರಡೂ ಕೂಡುವಲ್ಲಿ ಮೀನು. ಅಂಜನಾಪುರದ ಜಲಾಶಯದಲ್ಲಿ ಗಾಳ ಹಾಕುತ್ತಿದ್ದ ಕಾಲದಿಂದಲೂ ತಾವೊಂದು ಗೆರೆ, ನಾನೊಂದು ಗೆರೆ ಇಟ್ಟುಕೊಳ್ಳುತ್ತಿದ್ದೆವು. ಒಬ್ಬರದನ್ನು ಇನ್ನೊಬ್ಬರು ನೆನಪಿಡಬಾರದು. ಮೊಬೈಲಿನಲ್ಲಿ ಗುರುತು ಹಾಕುವುದಂತೂ ಅವಮಾನ. ಒಬ್ಬರನ್ನು ಬಿಟ್ಟು ಒಬ್ಬರು ಹೋಗಬಾರದೆಂದೇ ಈ ನಿಯಮ — ಮಾಡಿದವನು ನಾನೇ.

ಹೊನ್ನಾವರದಲ್ಲಿ ಆ ಜಾಗ ಸಿಕ್ಕ ಬೇಸಿಗೆಯ ಮೊದಲ ದಿನ ತಮ್ಮ ಗಾಳಕ್ಕೆ ದೊಡ್ಡ ಕೆಂಪು ಮೀನುಗಳು ಒಂದರ ಹಿಂದೊಂದು ಬಿದ್ದವು. ನನಗೆ ಏನೂ ಇಲ್ಲ. ತಾವು ನಗುತ್ತಾ, ನನ್ನ ಊರನ್ನೆತ್ತಿ, "ಉಳವಿ ಗದ್ದಿ ಮಂದಿ ಏಡಿ ಹಿಡ್ಕೊಂಡಿರ್ರಿ, ಸಮುದ್ರ ಯಾಕ್ ಬೇಕಿತ್ರೀ ನಿಮಗೆ" ಎಂದಿರಿ. ತಮಾಷೆಯೇ. ನಾನೂ ನಕ್ಕೆ. ಆದರೆ —

ಮರುದಿನ ತಮ್ಮ ಅಣ್ಣನವರು ಬಂದರು. ಕುಶನ್ ಹೊಲಿಯುವ ಅಂಗಡಿಯ ಬಾಗಿಲು ಹಾಕಿ ಗಾಳ ಹಿಡಿಯುವ ತಮ್ಮನನ್ನು ಅವರು ಸದಾ ಹಂಗಿಸುತ್ತಿದ್ದರು. ಅಂದು ಅವರಿಗೆ ತೋರಿಸಬೇಕೆಂಬುದು ತಮ್ಮ ಆಸೆ. ಹಿಂದಿನ ದಿನದ ದೋಣಿಯವರು ಬೇರೆ ಬಾಡಿಗೆಗೆ ಹೋಗಿದ್ದರು. ಹೊಸಬರಿಗೆ ತಾವು ತಮ್ಮ ಗೆರೆ ಹೇಳಿದಿರಿ. ನಾನು ಹೇಳಿದ್ದು — ಐಸ್ ಕಾರ್ಖಾನೆಯ ಟ್ಯಾಂಕಿ, ಅದರ ಹಿಂದೆ ಒಂಟಿ ತೆಂಗು. ತೆಂಗು ಅಲ್ಲ ಎಂಬುದು ನನಗೆ ಗೊತ್ತಿತ್ತು.

ದಿನವಿಡೀ ಬಿಸಿಲು, ಖಾಲಿ ಗಾಳ. ತಮ್ಮ ಅಣ್ಣನವರು ಒಂದೇ ಮಾತು ಆಡಿದರು: "ಇದಕ್ಕೇನೋ ಅಂಗ್ಡಿ ಬಾಗ್ಲು ಹಾಕಿ ಬರೋದು?" ತಾವು ತಲೆ ತಗ್ಗಿಸಿದಿರಿ. ನಾನು ನೀರು ನೋಡುತ್ತಿದ್ದೆ.

ಮುಂದಿನ ಬೇಸಿಗೆ ಯಾರಿಗೂ ತಿಳಿಯದಂತೆ ಸರಿಪಡಿಸಬಹುದೆಂದು ನಿಜವಾದ ಗೆರೆಯನ್ನೇ ಹೇಳಿದೆ. ಅಷ್ಟರಲ್ಲಿ ತಾವು ತಮ್ಮದೇ ತಪ್ಪೆಂದು ನಂಬಿ ಗೆರೆ ಬದಲಿಸಿದ್ದಿರಿ! ಅದರ ಮುಂದಿನ ವರ್ಷ ಮತ್ತೊಂದು. ಡೀಸೆಲ್ ಹೊಗೆ ಕುಡಿಯುತ್ತಾ, ವಾಂತಿ ತಡೆಯುತ್ತಾ, ಇದ್ದ ಜಾಗವನ್ನು ಇಲ್ಲದಲ್ಲಿ ಹುಡುಕುತ್ತಾ — ಪ್ರತಿ ಬೇಸಿಗೆಯೂ ಇದೇ. "ತಮ್ಮ ಮೊದಲಿನ ಗೆರೆಯೇ ಸರಿ" ಎಂಬ ಮಾತು ನಾಲಿಗೆಯ ತುದಿಗೆ ಬರುತ್ತಿತ್ತು. ಹಾಗೆಂದರೆ ತಪ್ಪಿದ್ದು ಯಾರದೆಂಬ ಪ್ರಶ್ನೆ ಏಳುತ್ತಿತ್ತು. ನುಂಗಿಕೊಂಡೆ. ನನ್ನ ಮೇಲೆಯೇ ಹಲ್ಲು ಕಡಿಯುತ್ತಾ ನುಂಗಿಕೊಂಡೆ.

ಈ ಬೇಸಿಗೆ ತಾವು ಗಾಳದ ಕೋಲನ್ನು ನನ್ನ ಕೈಗಿಟ್ಟು, "ನನ್ನ ಕಣ್ಣಾಗೇ ಏನೋ ಐತ್ರೀ. ಈಗೀಗ ಹೊಲಿಗಿ ನೇರ ಬಂದದ್ದೂ ನಂಬಿಕಿ ಆಗವಲ್ದು. ನೀವೇ ಇಟ್ಕೊಳ್ರಿ" ಎಂದಿರಿ. ನಾನು ಅದನ್ನು ತೆಗೆದುಕೊಂಡು ಮನೆಗೆ ತಂದೆ.

ಸದರಿ ಕೋಲನ್ನು ಬರುವ ಭಾನುವಾರ ಶಿಕಾರಿಪುರದ ತಮ್ಮ ಅಂಗಡಿಗೆ ತಂದು ತಮ್ಮ ಅಣ್ಣನವರ ಎದುರಿಗೇ ಒಪ್ಪಿಸಿ, ಇಲ್ಲಿ ಬರೆದದ್ದನ್ನು ಬಾಯಿಂದಲೂ ಹೇಳುತ್ತೇನೆ. ಕ್ಷಮೆ ಕೋರುವ ಅರ್ಹತೆ ನನಗಿಲ್ಲ. ನಿಯಮ ಮೀರಿ ನೆನಪಿಟ್ಟ ತಮ್ಮ ಗೆರೆ: ನಡುಗಡ್ಡೆಯ ತುದಿ, ಅದರ ಹಿಂದೆ ದೀಪಸ್ತಂಭ. ಮೊದಲ ದಿನವೂ ಸರಿ, ಮರುದಿನವೂ ಸರಿ. ನನ್ನದು: ಐಸ್ ಕಾರ್ಖಾನೆಯ ಟ್ಯಾಂಕಿ, ಅದರ ಹಿಂದೆ ಗುಡ್ಡದ ಮೊಬೈಲ್ ಟವರ್.

ಈಗ ಎರಡೂ ತಮ್ಮ ಬಳಿ ಇವೆ. ದೋಣಿಯಲ್ಲಿ ನಾನಿರಬೇಕಾದ ಅಗತ್ಯವಿಲ್ಲ.