ಚುಕ್ಕಿಗೆ ಬಿಟ್ಟ ಜಾಗ

ಟಿಣ್ ಎಂಬ ಸಣ್ಣ ಸದ್ದು. ಮೊದಲು ನನ್ನ ಕೈಯಲ್ಲಿದ್ದ ಫೋನಿನಲ್ಲಿ, ಆಮೇಲೆ ಮಹಡಿಯ ಬಾಡಿಗೆ ರೂಮುಗಳಲ್ಲಿ ಒಂದರ ಹಿಂದೊಂದು, ಆಮೇಲೆ ಎದುರು ಸಾಲಿನ ಶೀಟಿನ ಮನೆಗಳಲ್ಲಿ, ಕೊನೆಗೆ ತಿರುವಿನ ಪ್ರಾವಿಷನ್ ಸ್ಟೋರಿನಲ್ಲಿ. ಹೆಬ್ಬಗೋಡಿಯಲ್ಲಿ ಸಂಜೆ ಕರೆಂಟ್ ಹೋಗಿ ಫ್ಯಾನು, ಟೀವಿ, ಮಿಕ್ಸಿಗಳೆಲ್ಲ ಬಾಯಿ ಮುಚ್ಚಿದಾಗ ಆ ಸದ್ದು ಗೋಡೆಯಿಂದ ಗೋಡೆಗೆ ನಡೆದುಹೋಗುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಮೊದಮೊದಲು ನನಗದು ಇಷ್ಟವಿತ್ತು. ಕಾನ್ವೆಂಟಿನಲ್ಲಿ ಪ್ರೇಯರ್‌ಗೆ ಏಳುವ ಮುನ್ನ ಹುಡುಗಿಯರು ಸಾಲಾಗಿ ಡೆಸ್ಕಿನ ಮುಚ್ಚಳ ಹಾಕುತ್ತಿದ್ದುದು ನೆನಪಾಗುತ್ತಿತ್ತು.

ಅದು ನಮ್ಮ ರಸ್ತೆಯ ಗ್ರೂಪಿನ ಸದ್ದು. ನಾನು ಅದರ ಅಡ್ಮಿನ್. ಸರ್ಕಾರಿ ಫ್ಯಾಕ್ಟರಿಯೊಂದರ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ರಿಟೈರ್ ಆದವಳು, ಒಬ್ಬಂಟಿ, ಸ್ಪೆಲ್ಲಿಂಗ್ ತಪ್ಪದೆ ಬರೆಯುತ್ತೇನೆ. ಅಷ್ಟೇ ನನ್ನ ಕ್ವಾಲಿಫಿಕೇಶನ್. ಗ್ರೂಪಿಗೆ ಸೇರುವ ಲಿಂಕನ್ನು ಸ್ಕ್ಯಾನ್ ಮಾಡುವ ಚೀಟಿಯಾಗಿ ಅಚ್ಚು ಹಾಕಿಸಿ ಅಂಗಡಿ, ಮೆಸ್ಸು, ಬಸ್ ಸ್ಟಾಪು ಎಲ್ಲ ಕಡೆ ನಾನೇ ಅಂಟಿಸಿದ್ದೆ. ಯಾರು ಬೇಕಾದರೂ ಬರಬಹುದಿತ್ತು. ಟ್ಯಾಂಕರ್ ಬಂತು, ಐಡಿ ಕಾರ್ಡ್ ಸಿಕ್ಕಿದೆ, ಇಬ್ಬರು ಹೆಂಗಸರಿಗೆ ರೂಮ್ ಬೇಕು, ಮಗುವಿಗೆ ಜ್ವರ, ಆಟೋ ಇದೆಯಾ — ಇಂಥವೇ ಮಾತು.

ಪಕ್ಕದ ರಸ್ತೆಯ ರಿಟೈರ್ಡ್ ಎಂಜಿನಿಯರ್ ಒಬ್ಬರು ಅಸೋಸಿಯೇಶನ್ನಿನ ಸೆಕ್ರೆಟರಿ, ಇನ್ನೊಬ್ಬ ಅಡ್ಮಿನ್. ಅವರಿಗೆ ಇದು ಸರಿಬೀಳುತ್ತಿರಲಿಲ್ಲ.

"ಮೇಡಂ, ಇದು ಗ್ರೂಪೋ ಬಸ್ ಸ್ಟ್ಯಾಂಡೋ?"

"ಬಸ್ ಸ್ಟ್ಯಾಂಡೇ ಕಣ್ರೀ. ಬಾಡಿಗೆಯವರಿಗೆ ಓನರ್ ಹತ್ರ ಚೀಟಿ ಬರೆಸ್ಕೊಂಡು ಬಾ ಅಂದ್ರೆ ಯಾರು ಬರ್ತಾರೆ?"

ಹಾಗೆ ತೆರೆದಿಟ್ಟ ಬಾಗಿಲಿನಿಂದಲೇ ಚುಕ್ಕಿ ಬಂದಿದ್ದು. ಹೆಸರಿರಬೇಕಾದ ಕಡೆ ಒಂದು ಚುಕ್ಕಿ, ಅಷ್ಟೇ; ಫೋಟೋ ಇಲ್ಲ. ಟ್ಯಾಂಕರ್ ಬಂತು ಎಂದರೆ "ಓಂ ಶಾಂತಿ" ಎನ್ನುವುದು. ರೂಮ್ ಖಾಲಿ ಇದೆ ಎಂದರೂ "ಓಂ ಶಾಂತಿ". ಹುಡುಗರು ನಕ್ಕರು. "ಗುರು, ನಮ್ ಸೂಪರ್‌ವೈಸರ್‌ಗೂ ಒಂದು ಹೇಳ್ಬಿಡು" ಎಂದು ಒಬ್ಬ ಬರೆದ.

ಆಮೇಲೆ ಕಾರ್ಡುಗಳು ಶುರುವಾದವು. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಬೆಳಗಾಗುವುದರೊಳಗೆ ರಸ್ತೆ ಮೂಲೆಯಲ್ಲಿ ಫ್ಲೆಕ್ಸ್ ಏಳುತ್ತದೆ. ನಡುವೆ ಫೋಟೋ, ಎರಡು ಕಡೆ ದೀಪ, ಮೇಲೆ "ಭಾವಪೂರ್ಣ ಶ್ರದ್ಧಾಂಜಲಿ". ಚುಕ್ಕಿ ಅಂಥದ್ದನ್ನೇ ಬದುಕಿರುವವರಿಗೆ ಮಾಡತೊಡಗಿತು, ಗ್ರೂಪಿನಲ್ಲಿದ್ದವರ ಪ್ರೊಫೈಲ್ ಫೋಟೋ ತೆಗೆದುಕೊಂಡು. ಮೊದಲ ಕಾರ್ಡು ಇಸ್ತ್ರಿ ಅಂಗಡಿಯವನದ್ದು. ಅವನು ಬೆಳಿಗ್ಗೆಯೇ ನನ್ನ ಗೇಟು ಬಡಿದ.

"ಮೇಡಂ, ನಾನ್ ಬದುಕಿವ್ನಿ ಅಂತ ಗ್ರೂಪಲ್ಲಿ ಆಕಿ. ಆನೇಕಲ್ಲಿಂದ ನಮ್ ಬಾಮೈದ ಆರ ತಕೊಂಡು ಬಂದು ಕುಂತವ್ನೆ. ನಾನೇ ಬಾಗ್ಲು ತೆಗೆದಿದ್ ನೋಡಿ ಕಿರುಚ್ಬಿಟ್ಟ."

"ಹಾರ ಏನ್ ಮಾಡ್ದೆ?"

"ದೇವ್ರಿಗ್ ಆಕ್ದೆ. ನಾನೇ ಆಕ್ಕೊಂಡು ಕುಂತ್ಕೊಳ್ಳಾ?"

ಇಬ್ಬರೂ ನಕ್ಕೆವು. ಆದರೆ ಅವನು ಹೋದಮೇಲೆ ನಾನು ನನ್ನ ಪ್ರೊಫೈಲ್ ಫೋಟೋ ತೆಗೆದುಹಾಕಿದೆ. ಸಿಲ್ಲಿ, ಐ ನೋ. ಚುಕ್ಕಿಯನ್ನು ಗ್ರೂಪಿನಿಂದ ತೆಗೆದರೆ ಬೇರೆ ನಂಬರಿನಿಂದ, ಅದೇ ಚುಕ್ಕಿಯಾಗಿ, ಅದೇ ಲಿಂಕಿನಿಂದ ಮರಳಿ ಬರುತ್ತಿತ್ತು.

ನನ್ನ ಮಹಡಿಯ ಮೂಲೆ ರೂಮಿನಲ್ಲಿ ಯಾದಗಿರಿ ಕಡೆಯ ಹೆಂಗಸೊಬ್ಬಳಿದ್ದಳು. ಕಟ್ಟಡ ಕೆಲಸದ ಗಂಡ ಪೀಣ್ಯದ ಕಡೆ ಕೆಲಸ ಸಿಕ್ಕಿತೆಂದು ಹೋದವನು, ಆಮೇಲೆ ಅವನ ಫೋನು ಹತ್ತಲೇ ಇಲ್ಲ. ಪೊಲೀಸರಿಗೆ ದೂರು ಕೊಟ್ಟಾಗಿತ್ತು. ದಿನಾ ಬೆಳಿಗ್ಗೆ ಅವಳು ಗ್ರೂಪಿಗೆ ತಮ್ಮ ಮದುವೆಯ ಫೋಟೋ ಹಾಕಿ "ಇವರು ಎಲ್ಲ್ಯರ ಕಂಡ್ರ ತಿಳಸ್ರಿ" ಎಂದು ಬರೆಯುತ್ತಿದ್ದಳು. ಒಂದು ಮಧ್ಯಾಹ್ನ ಅವನ ಕಾರ್ಡೂ ಬಂತು. ದೀಪಗಳ ನಡುವೆ ಅವನು ಹಸಿರು ಅಂಗಿ ತೊಟ್ಟು ಯಾವುದೋ ಶಟರಿನ ಮುಂದೆ ನಿಂತಿದ್ದ. ಅವಳು ಮೆಟ್ಟಿಲಿಳಿದು ಬಂದಳು. ಅಳುತ್ತಿರಲಿಲ್ಲ.

"ಅಮ್ಮಾರ, ಈ ಫೋಟೋ ನಾ ಹಾಕಿದ್ದಲ್ರಿ. ಈ ಅಂಗಿ ಗುಂಡಿ ಕಿತ್ತಿತ್ತು. ಹೋಗೂ ದಿನ ಮುಂಜಾನಿ ನಾನೇ ಕೆಂಪು ದಾರಲೆ ಹಚ್ಚಿಕೊಟ್ಟೀನಿ. ನೋಡ್ರಿ ಇಲ್ಲಿ."

ಬೆರಳಿನಿಂದ ಚಿತ್ರ ದೊಡ್ಡದು ಮಾಡಿದೆ. ಎರಡನೆಯ ಗುಂಡಿಯಲ್ಲಿ ಕೆಂಪು ದಾರ. ಅವನು ಮನೆ ಬಿಟ್ಟ ಮೇಲೆ ಯಾರೋ ಅವನನ್ನು ನೋಡಿದ್ದಾರೆ, ನಿಲ್ಲಿಸಿ ಫೋಟೋ ತೆಗೆದಿದ್ದಾರೆ. ಆ ಸೆಕೆಯಲ್ಲೂ ನಾನು ಸೆರಗು ಹೊದ್ದುಕೊಂಡೆ.

ಆ ನಂಬರಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಸ್ಟೇಷನ್ನಿನವರು ವಿಚಾರಿಸಿದಾಗ ಸಿಮ್ಮು ದೂರದೂರಿನ ಯಾವುದೋ ಮುದುಕಿಯ ಹೆಸರಿನಲ್ಲಿತ್ತು. ಆಕೆಗೆ ಏನೂ ಗೊತ್ತಿರಲಿಲ್ಲ. ಇವಳು ಗ್ರೂಪಿನಲ್ಲಿ "ಅಣ್ಣಾ, ನೀವು ಯಾರರ ಆಗ್ರಿ, ಅವರು ಎಲ್ಲಿ ಅದಾರ ಅಷ್ಟು ಹೇಳ್ರಿ" ಎಂದು ಬೇಡಿದಳು. "ಓಂ ಶಾಂತಿ" ಎಂದಿತು ಚುಕ್ಕಿ.

ಆಮೇಲೆ ಸಂಜೆ ಕರೆಂಟ್ ಹೋದಾಗಲೆಲ್ಲ ಅವಳು ಓಣಿಯಲ್ಲಿ ನಿಲ್ಲತೊಡಗಿದಳು. ಯಾಕೆಂದು ಕೇಳಿದೆ.

"ಮೆಸೇಜ್ ಬರೆದವನ ಫೋನು ಸಪ್ಪಳ ಮಾಡಂಗಿಲ್ರಿ ಅಮ್ಮಾರ. ಚುಕ್ಕಿ ಬರೀತಿದ್ದಂಗ ಯಾವ ಮನ್ಯಾಗ ಸಪ್ಪಳ ಬರಂಗಿಲ್ಲೋ ನೋಡಬೇಕು."

ಸೈಲೆಂಟಿನಲ್ಲಿಟ್ಟವರು, ಚಾರ್ಜ್ ಇಲ್ಲದವರು ಎಷ್ಟೋ ಜನ ಇರುತ್ತಾರೆ ಎಂದು ಹೇಳಿದೆ. ಕೇಳಲಿಲ್ಲ. ಚುಕ್ಕಿಯ ಮೆಸೇಜು ಬಂದ ಕೂಡಲೇ ಸದ್ದು ಸಾಲಿನುದ್ದಕ್ಕೂ ಓಡುತ್ತಿತ್ತು; ಅವಳು ಮಬ್ಬಿನಲ್ಲಿ ಬಾಗಿಲಿಂದ ಬಾಗಿಲಿಗೆ ಕಿವಿಯಿಟ್ಟು ಹೋಗುತ್ತಿದ್ದಳು. ಸದ್ದಿಲ್ಲದ ಬಾಗಿಲ ಮುಂದೆ ನಿಂತುಬಿಡುತ್ತಿದ್ದಳು, ತಟ್ಟದೆ. ಒಳಗಿದ್ದವರು ಹೊರಗೆ ಬಂದರೆ ಎದುರಿಗೆ ಅವಳ ಮುಖ. ಜನ ಚುಕ್ಕಿಗೆ ಹೆದರಿದ್ದಕ್ಕಿಂತ ಅವಳಿಗೆ ಹೆಚ್ಚು ಹೆದರಿದರು.

ಭಾನುವಾರ ನನ್ನ ವೆರಾಂಡಾದಲ್ಲಿ ಮೀಟಿಂಗ್ ಸೇರಿತು. ಬಸುರಿ ಮಗಳ ಕಾರ್ಡು ಬಂದಿದ್ದ ತಾಯಿಯೊಬ್ಬಳು ಮೊದಲು ಬಾಯಿಬಿಟ್ಟಳು: "ಅದ್ನ ನೋಡಿದ್ಮೇಲೆ ನನ್ ಮಗ್ಳು ಊಟಾನೇ ಬಿಟ್ಟವ್ಳೆ. ಮುಚ್ಚಾಕ್ರಿ ಆ ಗ್ರೂಪ್ನ!"

ಸೆಕ್ರೆಟರಿ ಹೇಳಿದರು, "ಹಳೇ ಲಿಂಕ್ ಕ್ಯಾನ್ಸಲ್ ಮಾಡೋಣ. ನಾವು ಒಪ್ಪಿದವರು ಮಾತ್ರ ಒಳಗೆ. ಇವತ್ತೇ."

ಮೆಟ್ಟಿಲ ಮೇಲೆ ಕೂತಿದ್ದ ಮೂಲೆ ರೂಮಿನವಳು ಎದ್ದು ನಿಂತಳು. "ಅವನ್ನ ಹೊರಗ ಹಾಕಬ್ಯಾಡ್ರಿ. ನಮ್ಮ ಮನಿಯವರನ್ನ ಕಂಡವ ಅವನೊಬ್ಬನೇ."

"ಅವನು ಸುಳ್ಳು ಆಡ್ತಿರಬಹುದಮ್ಮ" ಎಂದರು ಸೆಕ್ರೆಟರಿ, ಮೆತ್ತಗೆ.

"ಸುಳ್ಳನ ಹತ್ರ ಫೋಟೋ ಅದ. ನಿಮ್ಮ ಹತ್ರ ಏನದ್ರಿ?"

ಆ ಬಸುರಿಯನ್ನು ನಾನು ದಿನಾ ನೋಡುತ್ತಿದ್ದೆ, ಅವಳ ತಾಯಿಯ ಮಾತಿನಲ್ಲಿ ತಪ್ಪಿರಲಿಲ್ಲ. ಇವಳ ಮಾತಿನಲ್ಲೂ ತಪ್ಪಿರಲಿಲ್ಲ. ನನಗೆ ಕಾನ್ವೆಂಟಿನ ಚಾಪೆಲ್ ನೆನಪಾಯಿತು. ಅದಕ್ಕೆ ಚಿಲಕ ಹಾಕುತ್ತಿರಲಿಲ್ಲ. ಒಬ್ಬ ದಿನಾ ಬಂದು ಕೊನೆಯ ಬೆಂಚಿನಲ್ಲಿ ಆಲ್ಟರಿಗೆ ಬೆನ್ನು ಹಾಕಿ ಕೂತು ನಗುತ್ತಿದ್ದ. ಚಿಕ್ಕ ಹುಡುಗಿಯರು ಅಳುತ್ತಿದ್ದರು. ಸಿಸ್ಟರ್ ಅವನನ್ನು ಓಡಿಸಲಿಲ್ಲ. ಹೊರಗೆ ಕಂಬದ ಪಕ್ಕ ಅವನಿಗೆಂದೇ ಒಂದು ಬೆಂಚು ಹಾಕಿಸಿ, ತಾವೂ ಒಂದಷ್ಟು ಹೊತ್ತು ಅಲ್ಲಿ ಕೂರುತ್ತಿದ್ದರು.

ಹಾಗೇ ಮಾಡಿದೆ. ಬೇರೆಯದೊಂದು ಗ್ರೂಪು ತೆರೆದು, ಮೂಲೆ ರೂಮಿನವಳನ್ನು ಸೇರಿಸಿ, ಅದರ ಲಿಂಕನ್ನು ಚುಕ್ಕಿಯ ನಂಬರಿಗೆ ಕಳಿಸಿದೆ. ಆಮೇಲೆ ಸೆಕ್ರೆಟರಿ ದೊಡ್ಡ ಗ್ರೂಪಿನಿಂದ ಚುಕ್ಕಿಯನ್ನು ತೆಗೆದು, ಲಿಂಕು ಬದಲಿಸಿದರು. ನಾನು ರಸ್ತೆಯ ಚೀಟಿಗಳನ್ನೆಲ್ಲ ಉಗುರಿನಿಂದ ಕೆರೆದು ಕಿತ್ತೆ. ಇನ್ನು ಮೇಲೆ ಸೇರಬೇಕಾದವರು ನನ್ನ ಗೇಟಿಗೆ ಬಂದು ಕೇಳಬೇಕಿತ್ತು. ಬಂದವರು ಕಡಿಮೆ.

ಹೊಸ ಗ್ರೂಪಿಗೆ ಚುಕ್ಕಿ ಬಂತು. ನಾನು, ಅವಳು, ಚುಕ್ಕಿ. ಮೂವರೇ. ಅದು ಅಲ್ಲಿ ಒಂದೇ ಒಂದು ಅಕ್ಷರ ಬರೆಯಲಿಲ್ಲ. ಬರೆಯುತ್ತಿದ್ದವಳು ಇವಳು. ಇವತ್ತು ಜೋಳದ ರೊಟ್ಟಿ ಮಾಡೀನಿ, ಅವರಿಗಿ ಶೇಂಗಾ ಹಿಂಡಿ ಅಂದ್ರ ಜೀವ, ಊರಾಗ ಅತ್ತಿ ಕೇಳಾಕತ್ತಾಳ. ನಾನು ಓದುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವಳು ಮೇಲಿನಿಂದ ಕೂಗುತ್ತಿದ್ದಳು: "ಅಮ್ಮಾರ, ನೀಲಿ ಟಿಕ್ ಬಿತ್ತು!" ನಾನೂ ಚುಕ್ಕಿಯೂ ಇಬ್ಬರೂ ಓದಿದರೆ ಮಾತ್ರ ಅದು ನೀಲಿಯಾಗುವುದು. ಎಲ್ಲೋ ಕೂತು ಚುಕ್ಕಿ ಅವಳ ಮನೆಯ ಅಡುಗೆಯನ್ನು ದಿನಾ ಓದುತ್ತಿತ್ತು. ಎಕ್ಸ್‌ಚೇಂಜಿನಲ್ಲಿ ಮಾತಿಲ್ಲದೆ ಬರೀ ಉಸಿರಾಡುವ ಕಾಲ್‌ಗಳು ಬರುತ್ತಿದ್ದವು. ಲೈನ್ ಕಿತ್ತರೆ ಮುಗಿಯುತ್ತಿತ್ತು. ಇಲ್ಲಿ ಕೀಳುವ ಹಾಗಿರಲಿಲ್ಲ.

ಒಂದು ಬೆಳಿಗ್ಗೆ ಆ ಗ್ರೂಪಿನಲ್ಲಿ ಮಾತಿಲ್ಲದೆ ಒಂದು ಲೊಕೇಶನ್ ಬಂತು. ಪೀಣ್ಯದ ಪಕ್ಕ, ರಾಜಗೋಪಾಲನಗರದ ಯಾವುದೋ ಅಡ್ಡರಸ್ತೆ. ಸ್ಟೇಷನ್ನಿಗೆ ತಿಳಿಸಿದೆ. ಪೊಲೀಸಿನವರೊಬ್ಬರು, ಇಸ್ತ್ರಿ ಅಂಗಡಿಯವನು, ಅವಳು ಹೋಗಿ ಬಂದರು.

"ಫೋಟೋದಲ್ಲಿದ್ ಶಟರ್ ಅದೇ ಮೇಡಂ" ಎಂದ ಇಸ್ತ್ರಿಯವನು. "ಬೀಗ ಒಡೆದ್ರೆ ಒಳ್ಗೆ ಏನೂ ಇಲ್ಲ. ಮುಂದ್ಗಡೆ ಮನೆಯೋರು, ಅಂಗೇ ಒಬ್ಬ ಇದ್ದಂಗಿತ್ತು ಅಂದ್ರು. ಇರ್ನಿಲ್ವೇನೋ ಅಂತಾನೂ ಅಂದ್ರು."

ಅವಳು ಆ ವಾರವೇ ರೂಮು ಬಿಟ್ಟಳು. ಅದೇ ಅಡ್ಡರಸ್ತೆಯಲ್ಲಿ, ಆ ಶಟರಿನ ಎದುರಿಗೇ ಒಂದು ರೂಮು ಹಿಡಿದಿದ್ದಳು. ಬೇಡವೆಂದೆ, ಅವಳ ಕೈ ಹಿಡಿದು ಹೇಳಿದೆ.

"ಅವರಿಗಿ ನನ್ನ ಇಲ್ಲಿ ಬಿಟ್ಟು ಹೋದದ್ದು ನೆನಪದ ಅಂತ ಇಷ್ಟು ದಿನ ಇಲ್ಲೇ ಕುಂತಿದ್ದೆ ಅಮ್ಮಾರ. ಬಂದಿಲ್ಲ. ಅವರ ಫೋಟೋ ತೆಗೆದ ಜಾಗ ಅದು, ಚುಕ್ಕಿಗಾದ್ರ ನಾನು ಅಲ್ಲಿ ಕಾಣ್ತೀನಿ."

ಅವಳು ಆಮೇಲೆ ಮೂವರ ಗ್ರೂಪಿನಲ್ಲಿ ಬರೆಯಲಿಲ್ಲ. ಫೋನ್ ಮಾಡಿದರೆ ರಿಂಗ್ ಆಗುತ್ತದೆ, ಎತ್ತುವುದಿಲ್ಲ. ಇಸ್ತ್ರಿಯವನನ್ನು ಒಮ್ಮೆ ಕಳಿಸಿದೆ, ರೂಮಿಗೆ ಬೀಗವಿತ್ತಂತೆ. ಗ್ರೂಪನ್ನು ನಾನು ಡಿಲೀಟ್ ಮಾಡಿಲ್ಲ.

ಅವಳನ್ನು ಕೊನೆಯ ಸಲ ನೋಡಿದ್ದು ಅವಳು ರೂಮು ಬಿಟ್ಟ ದಿನ, ಹೊಸೂರು ರಸ್ತೆಯ ಬಸ್ ಸ್ಟಾಪಿನ ಹತ್ತಿರ. ಲಗೇಜ್ ಆಟೋದ ಹಿಂದುಗಡೆ, ಗಂಟು ಮೂಟೆಗಳ ನಡುವೆ, ತೊಡೆಯ ಮೇಲೆ ಸ್ಟೌ ಇಟ್ಟುಕೊಂಡು ಕೂತಿದ್ದಳು. ಶಿಫ್ಟಿನ ಹೊತ್ತು, ಸ್ಟಾಪಿನ ತುಂಬ ಗಂಡಸರು, ಎಲ್ಲರ ತಲೆಯೂ ಫೋನಿನತ್ತ ಬಗ್ಗಿತ್ತು. ನಾನು ಕೈ ಬೀಸಿದೆ. ಅವಳು ನನ್ನತ್ತ ತಿರುಗಲಿಲ್ಲ. ಆಟೋ ನಿಧಾನಕ್ಕೆ ಸಾಗುತ್ತಿದ್ದರೆ ಅವಳು ಸ್ವಲ್ಪ ಬಗ್ಗಿ, ಆ ಗಂಡಸರ ಮುಖಗಳನ್ನು ಒಂದೂ ಬಿಡದೆ ನೋಡುತ್ತಿದ್ದಳು.