ಮುಚ್ಚದೆ ಬಿಟ್ಟ ಗುಂಡಿ

ಇಂಥ ಅನುಭವಗಳನ್ನು ಯಾರಾದರೂ ಬರೆದಾಗ ನಾನು ಒಂದೆರಡು ಸಾಲು ಓದಿ ಪುಟ ಮಗುಚುತ್ತಿದ್ದೆ. ಬರೆದವರು ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ, ಅವರು ಸರಿಯಾಗಿ ನೋಡಿಲ್ಲ ಎಂದುಕೊಳ್ಳುತ್ತಿದ್ದೆ. ನಾನು ಅರಸೀಕೆರೆಯ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುವವನು. ಹೆದರಿದ ಮನುಷ್ಯನ ಕಣ್ಣು ಕಿವಿಗಳನ್ನು ನಂಬಬಾರದು ಎಂದು ಮಕ್ಕಳಿಗೆ ಒಂದು ಪೀರಿಯಡ್ ಪೂರ್ತಿ ಹೇಳಿದ್ದೂ ಉಂಟು. ಈಗ ನಾನೇ ಬರೆಯಲು ಕೂತಿದ್ದೇನೆ. ನೀವು ಪುಟ ಮಗುಚಿದರೆ ನನಗೇನೂ ಬೇಸರವಿಲ್ಲ.

ನನ್ನ ಬಳಿ ಒಂದು ಮೆಟಲ್ ಡಿಟೆಕ್ಟರ್ ಇದೆ. ಉದ್ದನೆಯ ಕೋಲು, ಅದರ ತುದಿಗೆ ಊಟದ ತಟ್ಟೆಯಷ್ಟು ಅಗಲದ ಚಕ್ರ. ನೆಲಕ್ಕೆ ತಾಗಿಯೂ ತಾಗದಂತೆ ಅದನ್ನು ಅತ್ತಿತ್ತ ಬೀಸುತ್ತಾ ನಡೆಯಬೇಕು. ಮಣ್ಣಿನೊಳಗೆ ಕಬ್ಬಿಣವಿದ್ದರೆ ಹೆಡ್‌ಫೋನಿನಲ್ಲಿ ಗೊಗ್ಗರು ದನಿ ಬರುತ್ತದೆ, ಚಿನ್ನ ಬೆಳ್ಳಿ ಇದ್ದರೆ ತೆಳುವಾದ ದನಿ. ಗುಟ್ಕಾ ಪೊಟ್ಟಣದ ಹಾಳೆಗೂ ಅದೇ ತೆಳು ದನಿ ಬರುತ್ತದೆ ಎನ್ನುವುದು ಬೇರೆ ಮಾತು. ತರಗತಿಯಲ್ಲಿ ತೋರಿಸಲೆಂದು ಕೊಂಡದ್ದು ಅದು. ಒಮ್ಮೆ ಹಗರೆಯಲ್ಲಿ ಸಹೋದ್ಯೋಗಿಯೊಬ್ಬರ ಹೆಂಡತಿಯ ಓಲೆ ರಾಗಿ ಹೊಲದಲ್ಲಿ ಬಿದ್ದುಹೋಗಿತ್ತು. ಅರ್ಧ ದಿನ ಹುಡುಕಿ ತೆಗೆದುಕೊಟ್ಟೆ. ಅಂದಿನಿಂದ ಜನ ನನ್ನನ್ನು ಕರೆಯತೊಡಗಿದರು. ಹೊಲದಲ್ಲಿ ಬಿದ್ದ ಕಾಲುಂಗುರ, ಕೆರೆಯಲ್ಲಿ ಈಜುವಾಗ ಜಾರಿದ ಸರ, ತೋಟದಲ್ಲಿ ಎಲ್ಲೋ ಇಟ್ಟು ಮರೆತ ಪಂಪ್‌ಸೆಟ್ಟಿನ ಸ್ಪ್ಯಾನರ್. ಹಣ ತೆಗೆದುಕೊಳ್ಳುವುದಿಲ್ಲ, ಕಾಫಿ ಕೊಟ್ಟರೆ ಕುಡಿಯುತ್ತೇನೆ.

ನಾನು ಮದುವೆಯಾದವನಲ್ಲ. ಮಹಡಿ ಮೇಲಿನ ಒಂದು ಬಾಡಿಗೆ ಕೋಣೆಯಲ್ಲಿರುತ್ತೇನೆ. ಭಾನುವಾರ ನನ್ನ ಫೋನು ರಿಂಗಾದರೆ ಯಾರದೋ ಏನೋ ಕಳೆದಿದೆ ಎಂದೇ ಅರ್ಥ.

ಈ ಕೆಲಸದಲ್ಲಿ ನಾನು ಎರಡು ನಿಯಮ ಇಟ್ಟುಕೊಂಡಿದ್ದೇನೆ. ಒಂದು, ಜಾಗಕ್ಕೆ ಸಂಬಂಧಪಟ್ಟವರು ಜೊತೆಯಲ್ಲಿರಬೇಕು. ಹಳೇಬೀಡಿನ ಹತ್ತಿರ ಒಂದು ಜೋಳದ ಹೊಲದಲ್ಲಿ ಒಬ್ಬನೇ ನಿಂತಿದ್ದಾಗ ನಿಧಿ ಕಳ್ಳನೆಂದು ಇಬ್ಬರು ನನ್ನ ಕೊರಳಪಟ್ಟಿ ಹಿಡಿದಿದ್ದರು. ಅವರದೇನೂ ತಪ್ಪಿಲ್ಲ, ಅಲ್ಲಿ ಅಂಥ ಕಳ್ಳರೂ ಬರುತ್ತಾರೆ. ಎರಡನೆಯದು, ಅಗೆದ ಗುಂಡಿ ಮುಚ್ಚದೆ ಮುಂದೆ ಹೆಜ್ಜೆ ಇಡಬಾರದು. ಗುಂಡಿಯಲ್ಲಿ ದನದ ಕಾಲು ಸಿಕ್ಕಿದರೆ ಮುರಿಯುತ್ತದೆ. ಹುಲ್ಲಿನ ಗಡ್ಡೆಯನ್ನು ಇದ್ದ ಹಾಗೇ ಕೂರಿಸಿ, ಎಡಗಾಲಿನ ಹಿಮ್ಮಡಿಯಿಂದ ಎರಡು ಸಲ ತುಳಿಯುತ್ತೇನೆ. ಎರಡೇ ಸಲ. ಯಾಕೆ ಎಂದು ಕೇಳಿದರೆ ಗೊತ್ತಿಲ್ಲ, ರೂಢಿಯಾಗಿಬಿಟ್ಟಿದೆ. ನನ್ನ ಎಡಗಾಲಿನ ಗಮ್‌ಬೂಟಿನ ಹಿಮ್ಮಡಿ ಬಿರುಕು ಬಿಟ್ಟಿದ್ದರಿಂದ ಬಸ್ ಸ್ಟ್ಯಾಂಡಿನ ಬಳಿ ಚಪ್ಪಲಿ ಹೊಲಿಯುವವರು ಬೈಕ್ ಟೈರಿನ ತುಂಡೊಂದನ್ನು ಓರೆಯಾಗಿ ಅಂಟಿಸಿಕೊಟ್ಟಿದ್ದರು. ತುಳಿದ ಕಡೆಯೆಲ್ಲ ಟೈರಿನ ಮೂರು ಓರೆ ಗೀರು ಮೂಡುತ್ತಿತ್ತು. ಈ ವಿವರ ಮುಂದೆ ಬೇಕಾಗುತ್ತದೆ, ಅದಕ್ಕೆ ಹೇಳಿದೆ.

ಕೆಲವು ವರ್ಷಗಳ ಹಿಂದಿನ ಧನುರ್ಮಾಸ. ಗಂಡಸಿ ಕಡೆಯ ಒಂದು ಹಳ್ಳಿಯಿಂದ ರತ್ನಮ್ಮ ಎಂಬುವರು ಫೋನ್ ಮಾಡಿದರು. ಐವತ್ತೈದು ದಾಟಿದ ಹೆಂಗಸು, ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾರೆ. ತೀರಿಹೋದ ಗಂಡನ ಉಂಗುರವನ್ನು ಹೆಬ್ಬೆರಳಿಗೆ ಹಾಕಿಕೊಂಡಿದ್ದರು. ಸಡಿಲವೆಂದು ಒಳಗಡೆ ನೂಲು ಸುತ್ತಿದ್ದರಂತೆ. ಆ ವರ್ಷ ಮಳೆ ಕಡಿಮೆಯಾಗಿ ಕೆರೆಯ ನೀರು ಬೇಗ ಹಿಂದೆ ಸರಿದಿತ್ತು. ನೀರು ಬಿಟ್ಟ ಜಾಗದಲ್ಲಿ ಎದ್ದ ಎಳೆ ಹುಲ್ಲು ಕುಯ್ಯುವಾಗ ಉಂಗುರ ಜಾರಿತ್ತು.

"ಚಿನ್ನ ಅಂತ ಅಲ್ಲ ಮೇಷ್ಟ್ರೇ. ರಾತ್ರಿ ಮಲಗ್ದಾಗ ಹೆಬ್ಬೆಟ್ಟು ಮುಟ್ಕೊಂಡು ಮಲಗೋಳು ನಾನು. ಈಗ ನಿದ್ದೆ ಬತ್ತಿಲ್ಲ," ಎಂದರು.

ಭಾನುವಾರ ಮಧ್ಯಾಹ್ನ ಹೋದೆ. ರತ್ನಮ್ಮ ಸಂಜೆಯವರೆಗೂ ನನ್ನ ಹಿಂದೆಯೇ ನಡೆದರು. ಕೆರೆಯ ಪೂರ್ವಕ್ಕೆ, ಜೊಂಡು ಬೆಳೆದ ಕಡೆ ಹುಡುಕಿದೆವು. ಮೂರು ಗುಂಡಿ ಅಗೆದೆ. ಒಂದು ಸೋಡಾ ಬಾಟಲಿಯ ಮುಚ್ಚಳ, ಎತ್ತಿನ ಕಾಲಿನ ಒಂದು ಲಾಳ, ಒಂದು ರೂಪಾಯಿ ನಾಣ್ಯ ಸಿಕ್ಕವು. ಏರಿಯ ಮೇಲೆ ಕುರಿ ಹೊಡೆದುಕೊಂಡು ಹೋಗುತ್ತಿದ್ದವರೊಬ್ಬರು ನಿಂತು, "ಏನ್ ಮೇಷ್ಟ್ರೇ, ಕೊಪ್ಪರಿಗೆ ಸಿಕ್ರೆ ನಮ್ಗೂ ಒಂದ್ ಪಾಲು ಐತಾ?" ಎಂದು ಕೂಗಿದರು.

"ನಿನ್ ಪಾಲಿಗೆ ಸೋಡಾ ಮುಚ್ಚಳ ಐತೆ, ಬಾರೋ!" ಎಂದು ರತ್ನಮ್ಮನೇ ಉತ್ತರ ಕೊಟ್ಟರು. ಮೂವರೂ ನಕ್ಕೆವು. ಅಷ್ಟು ಸಲೀಸಾಗಿ ನಗುವ ಹೆಂಗಸು, ಕತ್ತಲಾಗಿ ಹೊರಟಾಗ ತನ್ನ ಬರಿ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿ ಹಿಡಿದುಕೊಂಡಿದ್ದರು. ಅದನ್ನು ನೋಡಿ, ಬೆಳಗ್ಗೆ ಕಾಲೇಜಿಗೆ ಮುಂಚೆ ಇನ್ನೊಂದು ಸಲ ಬರುತ್ತೇನೆ ಎಂದುಬಿಟ್ಟೆ.

"ನಾನು ಡೇರಿಗೆ ಹಾಲಾಕಿ ಬತ್ತೀನಿ. ಅಲ್ಲೀಗಂಟ ತೂಬಿನ ಕಡೀಕೆ ಮಾತ್ರ ಓಗ್ಬ್ಯಾಡಿ. ಬ್ಯಾಸಿಗೇಲಿ ಜೆಸಿಬಿ ತಂದು ಗೋಡು ಮಣ್ಣು ಹೊಡ್ದವ್ರೆ, ಎಲ್ಡಾಳು ಗುಂಡಿ ಐತೆ," ಎಂದರು. ತೂಬು, ಹೂಳೆತ್ತಿದ ಆ ಗುಂಡಿ ಇರುವುದು ಕೆರೆಯ ಪಶ್ಚಿಮಕ್ಕೆ. ನಾನು ಹುಡುಕುತ್ತಿದ್ದುದು ಪೂರ್ವದಲ್ಲಿ. ತಲೆಯಾಡಿಸಿದೆ.

ಮಾರನೆಯ ಬೆಳಗ್ಗೆ ಆರೂವರೆಗೆ ಏರಿಯ ಮೇಲೆ ಬೈಕು ನಿಲ್ಲಿಸಿದಾಗ ಕೆರೆಯೇ ಕಾಣಲಿಲ್ಲ. ಅಂಥ ಮಂಜು. ಚಾಚಿದ ಕೈಯ ತುದಿಗೆ ಡಿಟೆಕ್ಟರಿನ ಚಕ್ರ ಮಸುಕಾಗಿ ಕಾಣುತ್ತಿತ್ತು, ಅದರಾಚೆ ಬರೀ ಬಿಳಿ. ರತ್ನಮ್ಮ ಬರುವವರೆಗೆ ಕಾಯಬೇಕಿತ್ತು. ಕಾಲೇಜಿಗೆ ತಡವಾಗುತ್ತದೆಂದು ನನ್ನ ಮೊದಲ ನಿಯಮವನ್ನು ನಾನೇ ಮುರಿದು ಒಬ್ಬನೇ ಇಳಿದೆ.

ಈ ಕೆಲಸದಲ್ಲಿ ಕಣ್ಣು ನೆಲದ ಮೇಲಿನ ಆ ಚಕ್ರವನ್ನು ಬಿಟ್ಟು ಬೇರೇನನ್ನೂ ನೋಡುವುದಿಲ್ಲ. ಕಿವಿಗೆ ಹೆಡ್‌ಫೋನು. ಸುತ್ತಲಿನ ಲೋಕ ಇದ್ದರೂ ಇಲ್ಲದ ಹಾಗೆ. ಸುಳ್ಳೇಕೆ, ನನಗೆ ಅದು ಇಷ್ಟವೂ ಆಗಿತ್ತು. ಎಷ್ಟು ಹೊತ್ತು ಹಾಗೆ ನಡೆದೆನೋ. ಹಸಿ ನೆಲದ ಮೇಲೆ ನನ್ನದೇ ಹೆಜ್ಜೆ ಕಂಡವು. ಎಡಗಾಲಿನದರಲ್ಲಿ ಮೂರು ಓರೆ ಗೀರು. ನಿನ್ನೆಯ ಸಾಲಿಗೇ ಬಂದಿದ್ದೇನೆಂದು ಸಮಾಧಾನವಾಯಿತು. ಸ್ವಲ್ಪ ಮುಂದೆ ಮುಚ್ಚಿದ ಒಂದು ಗುಂಡಿ, ಹುಲ್ಲಿನ ಗಡ್ಡೆ ನೆಟ್ಟಗೆ ಕೂತಿದೆ, ಪಕ್ಕದಲ್ಲಿ ಹಿಮ್ಮಡಿಯ ಗುರುತು ಎರಡು. ಅದರಾಚೆ ಇನ್ನೊಂದು. ಮತ್ತೊಂದು. ಹೆಜ್ಜೆಗಳ ಪಕ್ಕದಲ್ಲೇ ಚಕ್ರ ಬೀಸುತ್ತಾ ನಡೆದೆ.

ನಾಲ್ಕನೆಯ ಗುಂಡಿ ಕಂಡಾಗ ನಿಂತೆ. ನಾನು ಹಿಂದಿನ ದಿನ ಅಗೆದಿದ್ದು ಮೂರೇ.

ಲೆಕ್ಕ ತಪ್ಪಿರಬಹುದು ಎಂದುಕೊಂಡು ಮುಂದೆ ಹೋದೆ. ಐದು, ಆರು, ಏಳು. ಅಲ್ಲಿ ಬಗ್ಗಿ ಹೆಜ್ಜೆಯೊಂದನ್ನು ನೋಡಿದೆ. ಹಸಿ ಮಣ್ಣಿನಲ್ಲಿ ಹೆಜ್ಜೆ ಊರಿ ಕಾಲು ತೆಗೆದರೆ ಆ ಗುಳಿಗೆ ಸುತ್ತಲಿಂದ ನೀರು ಮೆಲ್ಲಗೆ ಜಿನುಗಿ ಬರುತ್ತದಲ್ಲ, ಆ ನೀರು ಇನ್ನೂ ಜಿನುಗುತ್ತಿತ್ತು. ಒಂದು ಗುಳ್ಳೆ ಎದ್ದು ನನ್ನ ಕಣ್ಣೆದುರಿಗೇ ಒಡೆಯಿತು.

ಹೆಡ್‌ಫೋನು ಕೆಳಗಿಳಿಸಿ, "ಯಾರು?" ಎಂದೆ. ಕೂಗಬೇಕೆಂದಿದ್ದೆ, ಆದರೆ ಮಾತಾಡಿದಷ್ಟೇ ಬಂತು. ಉತ್ತರ ಬರಲಿಲ್ಲ. ಹಕ್ಕಿಯ ದನಿ ಕೂಡ ಇರಲಿಲ್ಲ. ಹಿಂತಿರುಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಆ ನಿಶ್ಶಬ್ದ ತಡೆಯಲಾಗದೆ ನಾನು ಮಾಡಿದ್ದು, ಹೆಡ್‌ಫೋನನ್ನು ಮತ್ತೆ ಕಿವಿಗೆ ಏರಿಸಿಕೊಂಡಿದ್ದು. ಏರಿಸಿಕೊಂಡದ್ದೇ ತಡ, ತೆಳು ದನಿ ಬಂತು. ಎದುರಿಗೆ, ಒಂದೆರಡು ಹೆಜ್ಜೆಯಾಚೆ. ಚಕ್ರವನ್ನು ಮುಂದೆ ಚಾಚಿದಷ್ಟೂ ದನಿ ಗಟ್ಟಿಯಾಗುತ್ತಿತ್ತು. ಉಂಗುರ ಸಿಕ್ಕಿತು ಎಂದುಕೊಂಡೆ. ಆ ಕ್ಷಣ ಹೆದರಿಕೆಯೂ ಮರೆತುಹೋಯಿತು.

ದನಿಯ ಕಡೆ ಕಾಲೆತ್ತಿದವನಿಗೆ ಎಂಟನೆಯ ಗುಂಡಿ ಕಂಡಿತು. ಅದು ತೆರೆದಿತ್ತು. ತೆಗೆದ ಮಣ್ಣು ಪಕ್ಕದಲ್ಲೇ ಗುಡ್ಡೆ ಬಿದ್ದಿತ್ತು. ಹುಲ್ಲಿನ ಗಡ್ಡೆ ಬೇರು ಮೇಲಾಗಿ ಮಲಗಿತ್ತು.

ನನಗೆ ಸಿಟ್ಟು ಬಂತು. ನಗಬೇಡಿ. ಮುಚ್ಚದ ಗುಂಡಿಯನ್ನು ಕಂಡರೆ ನನಗೆ ಎಂದೂ ಆಗುವುದಿಲ್ಲ. ಎದುರಿಗೆ ಉಂಗುರದ ದನಿ ಕೂಗುತ್ತಿದ್ದರೂ ಅದನ್ನು ದಾಟಿ ಹೋಗಲು ಮನಸ್ಸಾಗದೆ ಕುಕ್ಕರುಗಾಲಲ್ಲಿ ಕೂತೆ. ಗುಡ್ಡೆಯ ಮಣ್ಣನ್ನು ಎಳೆದು ತುಂಬಿದೆ. ಸಾಲಲಿಲ್ಲ. ಆಚೆ ಬದಿಯ ನೆಲದಿಂದ ಇನ್ನೊಂದು ಹಿಡಿ ಮಣ್ಣು ಎಳೆದುಕೊಳ್ಳಲು ಕೈ ಚಾಚಿ ಊರಿದೆ. ಕೈ ನಿಲ್ಲಲಿಲ್ಲ. ಮೇಲಿನ ಹುಲ್ಲು, ಒಣಗಿದ ತೆಳು ಕೆನೆ ಹರಿದು, ಮೊಣಕೈ, ತೋಳು, ಭುಜದವರೆಗೆ ತಣ್ಣನೆಯ ಗಂಜಿಯಂಥ ಕೆಸರಿನೊಳಗೆ ಇಳಿದುಹೋಯಿತು. ಕೆನ್ನೆ ನೆಲಕ್ಕೆ ತಾಗಿತು. ಒಳಗೆ ಬೆರಳಿಗೆ ಏನೂ ಸಿಗಲಿಲ್ಲ. ತಳವೇ ಇರಲಿಲ್ಲ.

ಜೆಸಿಬಿಯ ಗುಂಡಿ, ಕೆಸರು ತುಂಬಿ ಮೇಲೆ ಹುಲ್ಲು ಹಬ್ಬಿದ್ದು. ಮಂಜಿನಲ್ಲಿ ದಿಕ್ಕು ತಪ್ಪಿ ಇಡೀ ಕೆರೆಯನ್ನು ಅಡ್ಡ ದಾಟಿ ನಾನು ತೂಬಿನ ಬಳಿಗೇ ಬಂದಿದ್ದೆ. ಒಂದು ಹೆಜ್ಜೆ ಇಟ್ಟಿದ್ದರೆ ಮುಗಿದಿತ್ತು.

ಕೈ ಕಿತ್ತುಕೊಳ್ಳಲು ಎಷ್ಟು ಹೊತ್ತು ಹಿಡಿಯಿತೋ ಹೇಳಲಾರೆ. ಹೊಟ್ಟೆಯ ಮೇಲೆ ಹಿಂದಕ್ಕೆ ತೆವಳುತ್ತಾ, ಡಿಟೆಕ್ಟರನ್ನು ಹೆಡ್‌ಫೋನಿನ ವಯರಿನಲ್ಲೇ ಎಳೆದುಕೊಂಡು, ಗಟ್ಟಿ ನೆಲಕ್ಕೆ ಬಂದು ಕೂತೆ. ಮುಂದೆ ಮಂಜಿನಲ್ಲಿ ನೋಡಿದೆ. ಆ ಇನ್ನೊಂದು ಹೆಜ್ಜೆಯ ಸಾಲು ಎಂಟನೆಯ ಗುಂಡಿಯ ಪಕ್ಕದಲ್ಲಿ ಹಾದು, ನನ್ನ ಕೈ ಇಳಿದ ಹುಲ್ಲಿನ ಅಂಚಿನವರೆಗೆ ಹೋಗಿತ್ತು. ಕೊನೆಯದು ಎಡಗಾಲು. ಮೂರು ಓರೆ ಗೀರು.

ಮಂಜು ಹರಿದಾಗ ಎಂಟೂವರೆ ದಾಟಿತ್ತು. ರತ್ನಮ್ಮ ಹಾಲಿನ ಕ್ಯಾನು ಹಿಡಿದುಕೊಂಡೇ ಏರಿಯಿಂದ ಓಡಿ ಬಂದರು. "ಅಯ್ಯೋ, ಬ್ಯಾಡ ಅಂದ್ರೂ ಈ ಕಡೀಕೇ ಬಂದ್ರಲ್ಲ ಸಾಮಿ!" ಎಂದು ಬೈಯುತ್ತಲೇ ಸೆರಗಿನಿಂದ ನನ್ನ ಮುಖದ ಕೆಸರು ಒರೆಸಿದರು. ನಾನು ಕಂಡದ್ದೇನನ್ನೂ ಹೇಳಲಿಲ್ಲ. ತೆಳು ದನಿ ಬಂದದ್ದನ್ನು ಮಾತ್ರ ಹೇಳಿದೆ. ಉಂಗುರ ಹೋದ ದಿನ ಹುಲ್ಲು ಕುಯ್ದಾದ ಮೇಲೆ ಮನೆ ಕಡೆ ಹೋಗುತ್ತಾ ಆ ಅಂಚಿಗೆ ಬಂದು ನಿಂತು ಕೈಗೆ ಮೆತ್ತಿದ ಕೆಸರನ್ನು ಜೋರಾಗಿ ಕೊಡವಿದ್ದು ಅವರಿಗೆ ಆಗ ನೆನಪಿಗೆ ಬಂತು. ಇಬ್ಬರೂ ಆ ಹಸಿರು ಹುಲ್ಲನ್ನೇ ನೋಡುತ್ತಾ ನಿಂತೆವು.

ಆಮೇಲೆ ಅವರು ನೆಲ ನೋಡಿದರು. ಹೊಲ ಗದ್ದೆ ತುಳಿದು ಬಾಳಿದವರ ಕಣ್ಣು. ಹೆಜ್ಜೆಗಳ ಗುಂಟ ಹಿಂದಕ್ಕೂ ಮುಂದಕ್ಕೂ ಒಮ್ಮೆ ನಡೆದುಬಂದು, ನಾನು ತೆವಳಿದ ಗುರುತನ್ನೂ ನೋಡಿ, "ಮೇಷ್ಟ್ರೇ, ಎಲ್ಡ್ ಸಲಿ ಓಗಿದ್ದೀರಿ. ವಾಪಸ್ ಒಂದೇ ಸಲಿ ಬಂದಿದ್ದೀರಲ್ಲ?" ಎಂದರು.

ಅವರೇ ನನ್ನ ಕೈ ಹಿಡಿದು ಏರಿಯ ಕಡೆ ನಡೆಸಿದರು. "ಉಂಗ್ರ ಬ್ಯಾಡ. ಅಲ್ಲೇ ಇರ್ಲಿ ಬಿಡಿ. ಬ್ಯಾಸಿಗೆಗೂ ಬರಾಕ್ ಓಗ್ಬ್ಯಾಡಿ," ಎಂದರು. ಹೇಳುವಾಗ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಿದ್ದರು.

ವಿವರಣೆ ಹುಡುಕದೆ ಇರಲಿಲ್ಲ. ಮಂಜಿನಲ್ಲಿ ಮನುಷ್ಯ ಸುತ್ತು ಹೊಡೆದು ತನ್ನ ಹೆಜ್ಜೆಯನ್ನೇ ತಾನು ಕಾಣುವುದುಂಟು. ಹಾಗಿದ್ದರೆ ಆ ಸಾಲು ಅಂಚಿನಿಂದ ಎಲ್ಲಿಗಾದರೂ ತಿರುಗಬೇಕಿತ್ತು. ತಿರುಗಿರಲಿಲ್ಲ. ನಾನೇ ಅಗೆದು ಮರೆತೆನೇ? ಗುಂಡಿ ಅಗೆಯುವ ಕರಣೆ ಬೆನ್ನಿನ ಚೀಲದಲ್ಲಿ ಕಟ್ಟಿದ ಹಾಗೇ, ಒಣಗಿದ ಹಾಗೇ ಇತ್ತು. ಚೀಲದಲ್ಲಿ ನಿನ್ನೆಯ ಮೂರೇ ವಸ್ತುಗಳಿದ್ದವು. ಬೇರೆ ಯಾರಾದರೂ ಬಂದಿದ್ದರೆ ಎಂದರೆ, ಅದೇ ಟೈರಿನ ತುಂಡು, ಅದೇ ಓರೆಯಲ್ಲಿ, ಅದೇ ಕಾಲಿಗೆ? ಊರಿನಲ್ಲಿ ಯಾರೂ ಕಾಣೆಯಾಗಿರಲಿಲ್ಲ. ಫೋನು ಜೇಬಿನಲ್ಲೇ ಇತ್ತು, ಒಂದು ಫೋಟೋ ತೆಗೆಯಬೇಕೆಂದು ಹೊಳೆಯಲಿಲ್ಲ. ಮುಂದಿನ ಮುಂಗಾರಿನಲ್ಲಿ ಕೆರೆ ತುಂಬಿತು, ಗುರುತೆಲ್ಲ ಅಳಿಯಿತು. ನನಗೆ ಹೆಚ್ಚು ಕಾಡುವುದು ಹೆಜ್ಜೆಗಳಲ್ಲ. ಗುಂಡಿ ಮುಚ್ಚದೆ ನಾನು ಎಲ್ಲಿಂದಲೂ ಹೊರಡುವವನಲ್ಲ. ಅಲ್ಲಿಯವರೆಗೆ ಏಳು ಗುಂಡಿಗಳನ್ನು ಒಪ್ಪವಾಗಿ ಮುಚ್ಚಿ ಬಂದವನು ಎಂಟನೆಯದನ್ನು ಯಾಕೆ ಹಾಗೇ ಬಿಟ್ಟ? ತೆಳು ದನಿ ಕೇಳಿ ಆತುರಪಟ್ಟನೇ? ಅಥವಾ ನನಗಾಗಿ ಬಿಟ್ಟನೇ? ಅದನ್ನು ನಾನೂ ಪೂರ್ತಿ ಮುಚ್ಚಿ ಬರಲಿಲ್ಲ.

ಡಿಟೆಕ್ಟರನ್ನು ಬಿಟ್ಟಿಲ್ಲ. ಹೆಡ್‌ಫೋನು ಹಾಕುವುದಿಲ್ಲ, ಒಬ್ಬನೇ ಇಳಿಯುವುದಿಲ್ಲ. ಭಾನುವಾರ ಎಲ್ಲಿಗೆ ಹೊರಟರೂ ರತ್ನಮ್ಮನಿಗೆ ಹೇಳಿಯೇ ಹೋಗಬೇಕು, ಅದು ಅವರ ಆಜ್ಞೆ. ಸಂಜೆ ಹಾಲು ಕರೆದಾದ ಮೇಲೆ ಅವರ ಫೋನು ಬರುತ್ತದೆ. ಕಳೆದದ್ದು ಏನೂ ಇಲ್ಲದೆ ನನಗೆ ಬರುವ ಕರೆ ಅದೊಂದೇ.

"ಬಂದ್ರಾ ಮೇಷ್ಟ್ರೇ?"

"ಬಂದೆ ರತ್ನಮ್ಮ," ಎನ್ನುತ್ತೇನೆ.

ಆ ಕಡೆಯಿಂದ ಅವರು ತಕ್ಷಣ ಫೋನು ಇಡುವುದಿಲ್ಲ. ನಾನೂ ಇಡುವುದಿಲ್ಲ. ಇಬ್ಬರೂ ಬಾರದೆ ಉಳಿದವನ ಬಗ್ಗೆ ಯೋಚಿಸುತ್ತಿದ್ದೇವೆ ಎಂದು ಇಬ್ಬರಿಗೂ ಗೊತ್ತು.